ಒಳಗೆ ಬಿಟ್ಟ ಬಟ್ಟೆ

ಫೆಬ್ರುವರಿ ೯

ದೊಡ್ಡಪ್ಪ ಸೊರಗಿದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವರು ದರ್ಜಿಯಾದದ್ದೇ ಅದಕ್ಕೆ ಕಾರಣ. ಬೇರೆಯವರ ಮೈ ಇಳಿದರೆ ಅಂಗಿ ಜೋತಾಡುತ್ತದೆ, ಪ್ಯಾಂಟು ಜಾರುತ್ತದೆ, ದಾರಿಯಲ್ಲಿ ಸಿಕ್ಕವರು "ಏನ್ರೀ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ದೊಡ್ಡಪ್ಪ ಮೈ ಇಳಿದಂತೆಲ್ಲ ತಮ್ಮ ಬಟ್ಟೆಗಳನ್ನು ತಾವೇ ಹಿಡಿದು ಹೊಲಿದುಕೊಳ್ಳುತ್ತ ಬಂದಿದ್ದಾರೆ. ಬೆಲ್ಟು ಹಾಕುವುದೆಂದರೆ ದರ್ಜಿ ತನ್ನ ಸೋಲು ಒಪ್ಪಿಕೊಂಡ ಹಾಗೆ ಎಂಬುದು ಅವರ ಮತ. ಇವತ್ತು ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಾಗಲೂ ಠಾಕುಠೀಕಾಗಿಯೇ ಇದ್ದರು. ಮುಳ್ಳು ಮಾತ್ರ ಬೇರೆಯದನ್ನು ಹೇಳಿತು.

"ಹತ್ತು ಕಿಲೋ ಕಮ್ಮಿ!" ದೊಡ್ಡಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. "ದಿನಾ ಎದುರಿಗೇ ಕೂತ್ಕೋತೀರಿ. ನನ್ನ ಕಣ್ಣೇನು ಹೂತೋಗಿತ್ತಾ?"

"ನಿನ್ನ ಕಣ್ಣಲ್ಲ ಕಣೇ. ನನ್ನ ಫಿಟ್ಟಿಂಗು" ಎಂದರು ದೊಡ್ಡಪ್ಪ. ಆ ಹೊತ್ತಿನಲ್ಲೂ ದನಿಯಲ್ಲಿ ಜಂಬವಿತ್ತು.

ಬ್ರೆಡ್ಡು ಗಂಟಲಿನ ಕೆಳಗೆ ಸಿಕ್ಕಿಕೊಳ್ಳುವುದು ಹೋದ ವರ್ಷದಿಂದಲೇ ಇತ್ತಂತೆ. ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದರು, ಕೇಳಿದರೆ "ಬಾಯಾರಿಕೆ" ಎನ್ನುತ್ತಿದ್ದರು. ಕೊಳವೆ ಇಳಿಸಿ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಮನೆಗೆ ಬಂದ ಮೇಲೆ ದೊಡ್ಡಮ್ಮ ತೀರ್ಪು ಕೊಟ್ಟರು. "ಇನ್ಮೇಲೆ ಡಾಕ್ಟರ ಹತ್ರ ಇವಳೇ ಮಾತಾಡ್ಲಿ. ಎಂ.ಎ. ಮಾಡಿದಾಳೆ."

ನಾನು ಮಾಡಿದ್ದು ಸಾಹಿತ್ಯದಲ್ಲಿ. ಓದಲೆಂದು ಇವರ ಮನೆಗೆ ಬಂದವಳು, ಓದು ಮುಗಿದು ಕೆಲಸ ಸಿಗದೆ ಇಲ್ಲೇ ಉಳಿದಿದ್ದೇನೆ. ಬಸ್ಸಿನಲ್ಲಿ "ಇಲ್ಲಿ ನಿಲ್ಲಿಸಿ" ಎನ್ನಲು ನಾಚಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ದೊಡ್ಡಪ್ಪ ನನಗಿಟ್ಟ ಹೆಸರು ಸೂಜಿ. ಸಪೂರ, ಸದ್ದಿಲ್ಲ, ಎಲ್ಲಿ ಬಿತ್ತೆಂದು ಹುಡುಕಬೇಕು.

ಫೆಬ್ರುವರಿ ೧೬

ಕ್ಯಾನ್ಸರು.

ಈ ಪದವನ್ನು ಬರೆದು ಸ್ವಲ್ಪ ಹೊತ್ತು ನೋಡಿದೆ. ಬರೆದ ಮೇಲೂ ಅದು ಪದದ ಹಾಗೇ ಇದೆ.

ಇಬ್ಬರು ಡಾಕ್ಟರಿದ್ದರು. ಔಷಧ ಕೊಡುವ ಡಾಕ್ಟರಮ್ಮ ಒಂದು ಕಾಗದದಲ್ಲಿ ಕೊಳವೆ ಬರೆದು, ಅದರ ತುದಿಯಲ್ಲೊಂದು ಚೀಲ ಬರೆದರು. ಕೊಳವೆ ಅನ್ನನಾಳ, ಚೀಲ ಹೊಟ್ಟೆ. ಗಡ್ಡೆ ಇರುವುದು ಕೊಳವೆಯ ಕೆಳಭಾಗದಲ್ಲಿ. ಪಕ್ಕದಲ್ಲಿ ಮೂರು ನಾಲ್ಕು ಚುಕ್ಕೆ ಇಟ್ಟು, "ಇವು ದುಗ್ಧಗ್ರಂಥಿಗಳು. ಇಲ್ಲಿಗೂ ಹರಡಿದೆ. ಆದ್ರೆ ಲಿವರಿಗೆ, ಶ್ವಾಸಕೋಶಕ್ಕೆ ಹೋಗಿಲ್ಲ. ಅದು ಸಮಾಧಾನದ ವಿಷಯ" ಎಂದರು.

ಮುಂದೆ ಎರಡು ದಾರಿ. ಮೊದಲನೆಯದು, ಐದಾರು ವಾರ ವಿಕಿರಣ, ಅದರ ಜೊತೆಗೇ ವಾರಕ್ಕೊಮ್ಮೆ ಕೀಮೋ. ಆಮೇಲೆ ಕೆಲವು ವಾರ ಸುಧಾರಿಸಿಕೊಂಡು ಆಪರೇಷನ್ನು. ಎರಡನೆಯದು, ವಿಕಿರಣ ಮತ್ತು ಕೀಮೋವನ್ನಷ್ಟೇ ಪೂರ್ತಿಯಾಗಿ ಕೊಟ್ಟು, ಆಪರೇಷನ್ನು ಮಾಡದೆ ಕಣ್ಣಿಟ್ಟು ಕಾಯುವುದು. ಮೈಯಲ್ಲಿ ಶಕ್ತಿಯಿದ್ದರೆ ಮೊದಲನೆಯದೇ ಲೇಸು ಎಂಬುದು ಅವರ ಅಭಿಪ್ರಾಯ.

"ನೇರವಾಗಿ ಕತ್ತರಿಸಿಬಿಡಿ" ಎಂದರು ದೊಡ್ಡಪ್ಪ. "ಕೆಟ್ಟ ತುಂಡು ತೆಗೆದು ಬಿಸಾಕೋಕೆ ಇಷ್ಟೆಲ್ಲ ಪೀಠಿಕೆ ಯಾಕೆ?"

"ಗ್ರಂಥಿಗಳಿಗೆ ಹರಡಿರೋವಾಗ ಬರೀ ಕತ್ತರಿಸಿದ್ರೆ ಎಳೆ ಉಳಿದುಬಿಡತ್ತೆ. ಮೊದಲು ಅದನ್ನ ಕುಗ್ಗಿಸಬೇಕು" ಎಂದವರು ಆಪರೇಷನ್ನಿನ ಡಾಕ್ಟರು. ದೊಡ್ಡಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಕೋಟು ಯಾರು ಹೊಲಿದದ್ದು?"

"ಇದಾ? ರೆಡಿಮೇಡು."

ದೊಡ್ಡಪ್ಪ ಮುಖ ಗೋಡೆ ಕಡೆ ತಿರುಗಿಸಿದರು. ದಾರಿಯುದ್ದಕ್ಕೂ ಅದೇ ಮಾತು. "ಎಡಭುಜ ನೋಡಿದ್ಯೇನೇ ಸೂಜಿ? ಹೆಂಗೆ ಇಳಿಬಿದ್ದಿದೆ! ತನ್ನ ಭುಜವೇ ಕನ್ನಡೀಲಿ ಕಾಣದವನಿಗೆ ನನ್ನ ಎದೆಯೊಳಗಿನ ಗಂಟು ಕಾಣತ್ತಾ?"

ನಾನು ಕೇಳಬೇಕೆಂದು ಮನಸ್ಸಿನಲ್ಲೇ ಒಂಬತ್ತು ಪ್ರಶ್ನೆ ಸಿದ್ಧಮಾಡಿಕೊಂಡು ಹೋಗಿದ್ದೆ. ಕೊನೆಗೆ ಬಾಯಿಂದ ಹೊರಟದ್ದು "ಥ್ಯಾಂಕ್ಸ್". ಅದೂ ಬಾಗಿಲು ತೆರೆದವನಿಗೆ. ಅವನಿಗೆ ಕೇಳಿಸಲಿಲ್ಲ.

ಫೆಬ್ರುವರಿ ೧೯

ದೊಡ್ಡಪ್ಪ ಮೂರು ದಿನದಿಂದ "ಕತ್ತರಿಸೋದಾದ್ರೆ ಈಗಲೇ, ಇಲ್ದಿದ್ರೆ ಬೇಡವೇ ಬೇಡ" ಎಂದು ಹಟ ಹಿಡಿದಿದ್ದಾರೆ. ದೊಡ್ಡಮ್ಮ ಬೈದರು, ಅತ್ತರು, ಮತ್ತೆ ಬೈದರು.

ಇವತ್ತು ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ದೊಡ್ಡಪ್ಪ ದೊಡ್ಡ ಟಬ್ಬಿನಲ್ಲಿ ಯಾರದೋ ಪ್ಯಾಂಟಿನ ಬಟ್ಟೆ ನೆನೆಹಾಕುತ್ತಿದ್ದರು. ಹೊಸ ಹತ್ತಿಬಟ್ಟೆ ಬಂದರೆ ಅವರು ಒಂದು ರಾತ್ರಿ ನೀರಿನಲ್ಲಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಮುಟ್ಟುವವರು.

"ನೆನೆಸದೆ ಕತ್ತರಿಸಿದ್ರೆ ಏನಾಗತ್ತೆ ದೊಡ್ಡಪ್ಪ?"

"ಏನಾಗತ್ತೆ? ಗಿರಾಕಿ ಮೊದಲನೇ ಸಲ ಒಗೆದ ಕೂಡ್ಲೆ ಮೊಣಕಾಲಿಗೆ ಬಂದು ನಿಲ್ಲತ್ತೆ. ಕುಗ್ಗೋದೆಲ್ಲ ಮೊದಲೇ ಕುಗ್ಗಿಬಿಡಬೇಕು."

ನಾನು ಟಬ್ಬನ್ನು ನೋಡುತ್ತ ನಿಂತೆ. ಅವರೂ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಚುಚ್ಚಿದೆಯಲ್ಲೇ" ಎಂದರು.

ಮಧ್ಯಾಹ್ನ ದೊಡ್ಡಮ್ಮ ಆಸ್ಪತ್ರೆಗೆ ಫೋನು ಮಾಡಿ ಒಪ್ಪಿಗೆ ತಿಳಿಸಿದರು. ಫೋನು ನನ್ನ ಕೈಗೇ ಕೊಟ್ಟಿದ್ದರು, ನಾನು ಹಿಂದಿರುಗಿಸಿದೆ.

ಫೆಬ್ರುವರಿ ೨೬

ಮೊದಲ ಕೀಮೋ. ಎತ್ತರ ಅಳೆದು, ತೂಕ ನೋಡಿ, ಅದಕ್ಕೆ ತಕ್ಕ ಹಾಗೆ ಔಷಧದ ಪ್ರಮಾಣ ಗೊತ್ತುಮಾಡುತ್ತಾರೆ. "ಅಳತೆಗೆ ಹೊಲಿಯೋ ಪೈಕಿ. ಪರವಾಗಿಲ್ಲ" ಎಂದು ದೊಡ್ಡಪ್ಪ ಮೆಚ್ಚಿಕೊಂಡರು.

ವಿಕಿರಣಕ್ಕೆ ಅವರ ಎದೆಯ ಮೇಲೆ ಗುರುತಿನ ಗೆರೆ ಎಳೆದಿದ್ದಾರೆ, ಒರೆಸುವಂತಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತು, "ಗೆರೆ ನೆಟ್ಟಗಿದೆ" ಎಂದರು. ದೊಡ್ಡಮ್ಮ ಟವೆಲು ತಂದು ಹೊದಿಸಿ, "ನಾಚಿಕೆ ಇಲ್ದಿದ್ರೆ ಊರಿಗೆಲ್ಲ ತೋರಿಸ್ಕೊಂಡು ಬನ್ನಿ" ಎಂದರು.

ಔಷಧದ ಕೌಂಟರಿನ ಸಾಲಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ನನ್ನ ಮುಂದೆ ನುಗ್ಗಿದ. ಅವನ ಬೆನ್ನನ್ನು ಬಹಳ ಹೊತ್ತು ನೋಡಿದೆ. ಕಾಲರಿನ ಹೊಲಿಗೆ ಬಿಟ್ಟಿತ್ತು. ಅಷ್ಟೇ ನನ್ನ ಪ್ರತೀಕಾರ.

ಮಾರ್ಚ್ ೫

ತೂಕ ಇಳಿದಿದೆ. ನುಂಗುವುದು ಕಷ್ಟವಾಗುತ್ತಿದೆ. ಹಾಲು, ಸೂಪು, ಅರೆದ ಬಾಳೆಹಣ್ಣು. ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು, "ಹೀಗೇ ಇಳಿದ್ರೆ ಹೊಟ್ಟೆ ಪಕ್ಕದಲ್ಲಿ ಒಂದು ಸಣ್ಣ ತೂತು ಮಾಡಿ ಕರುಳಿಗೆ ಟ್ಯೂಬು ಹಾಕ್ತೀವಿ. ಅದ್ರಲ್ಲೇ ಆಹಾರ. ತೀರಾ ನಿಶ್ಶಕ್ತರಾದ್ರೆ ಆಪರೇಷನ್ನಿನ ಮಾತೇ ಇಲ್ಲ."

"ಅಂದ್ರೆ ನನ್ನ ಹೊಟ್ಟೆಗೆ ಕಾಜಾ ತೆಗೀತಾರೆ!" ದೊಡ್ಡಪ್ಪ ಮನೆಯ ಮುಂಭಾಗದ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. "ಗುಂಡಿನೇ ಇಲ್ಲದ ಕಾಜಾ!" ಎಲ್ಲರೂ ನಕ್ಕರು. ದೊಡ್ಡಪ್ಪ ನಗಿಸಿದರೇ ಹೊರತು ತಾವು ನಗಲಿಲ್ಲ. ಅದನ್ನು ನೋಡಿದೆ.

ಮಾರ್ಚ್ ೧೨

ತೂಕ ಏರಿದೆ! ನರ್ಸಮ್ಮ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಅದು ತಮ್ಮ ಸೂಪಿನ ಮಹಿಮೆ ಎಂದು ಸಾಲಿನಲ್ಲಿದ್ದವರಿಗೆಲ್ಲ ಮಾಡುವ ಕ್ರಮ ಹೇಳಿಕೊಟ್ಟರು.

ಆದರೆ ಆ ಸೂಪನ್ನು ದೊಡ್ಡಪ್ಪ ಅರ್ಧ ಬಟ್ಟಲೂ ಕುಡಿಯುವುದಿಲ್ಲ. ತೊಳೆಯುವವಳು ನಾನು.

ಮಾರ್ಚ್ ೧೭

ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಜರುಗದ ಹಾಗೆ ಇಡಲು ದೊಡ್ಡಪ್ಪನ ಬಳಿ ಕಬ್ಬಿಣದ ತುಂಡುಗಳಿವೆ, ಎರಡು ಬೆರಳು ಅಗಲದವು. ಹೋದ ಕೀಮೋ ದಿನ ಅವರಿಗೆ ಔಷಧ ಹತ್ತಿಸಿದ ಮೇಲೆ ನಾನೊಬ್ಬಳೇ ಮುಂಚೆ ಬಂದು ಅಂಗಡಿಯಲ್ಲಿ ಫ್ಯಾನು ಹಾಕಿದಾಗ ಬಟ್ಟೆಯೆಲ್ಲ ಹಾರಿತು. ಕಬ್ಬಿಣ ಒಂದೂ ಇರಲಿಲ್ಲ. ಒಂದು ದಪ್ಪ ಕಾದಂಬರಿ ಹೇರಿ ಕೆಲಸ ನಡೆಸಿದೆ (ಕಡೆಗೂ ಸಾಹಿತ್ಯದಿಂದ ಒಂದು ಉಪಯೋಗ). ಸಂಜೆ ನೋಡಿದರೆ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅದೇ ದಿನ ಬೆಳಿಗ್ಗೆ ದೊಡ್ಡಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಠಣ್ ಎಂದಿತ್ತು. ಆಗ ಬೆಂಚಿನ ಸದ್ದೆಂದುಕೊಂಡಿದ್ದೆ.

ಇವತ್ತು ಅವರು ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಪ್ಯಾಂಟನ್ನು ಇಸ್ತ್ರಿ ಮಾಡಲು ತೆಗೆದೆ. ಒಳಗಡೆ, ಸೊಂಟಪಟ್ಟಿಯ ಕೆಳಗೆ, ಸುತ್ತಲೂ ಸಣ್ಣ ಸಣ್ಣ ಜೇಬುಗಳು. ಎಷ್ಟು ಅಂದವಾದ ಕೆಲಸ! ಹೊರಗಿಂದ ಒಂದು ಸುಕ್ಕೂ ಕಾಣದು. ಹಿಂದಿನ ಹೊಲಿಗೆಯನ್ನು ಮತ್ತೊಮ್ಮೆ ಹಿಡಿದಿದ್ದಾರೆ, ದಾರ ಹೊಸದು.

ಅಂಗಡಿಯಲ್ಲಿ ಅವರೊಬ್ಬರೇ ಇದ್ದಾಗ ಪ್ಯಾಂಟನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಔಷಧ ತೂಕ ನೋಡಿ ಕೊಡ್ತಾರೆ ದೊಡ್ಡಪ್ಪ" ಎಂದೆ.

"ಎರಡು ಚೂರು ಕಬ್ಬಿಣಕ್ಕೆ ಏನೂ ಆಗಲ್ಲ."

"ಹೋದ ಸಲ ರಕ್ತದಲ್ಲಿ ಬಿಳಿಕಣ ಕಮ್ಮಿಯಾಗಿದೆ ಅಂದ್ರು. ಔಷಧ ಜಾಸ್ತಿಯಾದ್ರೆ ಇನ್ನೂ ಇಳಿಯತ್ತೆ."

"ಆಪರೇಷನ್ ಇಲ್ಲ ಅಂದುಬಿಟ್ರೆ?" ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅದು ಒಳಗೇ ಕೂತಿರತ್ತೆ ಕಣಮ್ಮ. ನಂಗೆ ಅದು ಆಚೆ ಹೋಗಬೇಕು." ಆಮೇಲೆ ಮಾಮೂಲಿ ದನಿಗೆ ಬಂದು, "ನೀನೇನೂ ಹೇಳಲ್ಲ ಬಿಡು. ನಿಂಗೆ ಬಸ್ಸು ನಿಲ್ಲಿಸೋಕೇ ಬಾಯಿ ಬರಲ್ಲ" ಎಂದರು.

ನಿಜ. ಅದಕ್ಕೇ ಇರಬೇಕು, ಇಷ್ಟು ಸಿಟ್ಟು ಬಂದದ್ದು.

ಮಾರ್ಚ್ ೧೯

ಅಯ್ಯೋ.

ಹೇಗೆ ಬರೆಯಲಿ. ನಾನು ಯೋಚಿಸಿದ್ದು ಹೀಗೆ: ನರ್ಸಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಕರೆಯುವುದು, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವುದು, ವಿಷಯವನ್ನು ನಯವಾಗಿ ತಿಳಿಸುವುದು. ವಾಕ್ಯವನ್ನು ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ, "ದಯವಿಟ್ಟು ತಪ್ಪು ತಿಳಿಯಬಾರದು" ಎಂದು ಶುರುವಾಗುತ್ತಿತ್ತು.

ಸಾಲು ಉದ್ದವಿತ್ತು, ಗದ್ದಲವಿತ್ತು. ನಾನು ಕೆಮ್ಮಿದೆ. ಆಸ್ಪತ್ರೆಯಲ್ಲಿ ಕೆಮ್ಮಿದರೆ ಯಾರು ತಿರುಗಿ ನೋಡುತ್ತಾರೆ? ದೊಡ್ಡಪ್ಪ ಯಂತ್ರದ ಮೇಲೆ ಹತ್ತಿಯೂ ಆಯಿತು. ನರ್ಸಮ್ಮ "ಭೇಷ್, ಇನ್ನೂ ಏರಿದೆ!" ಎನ್ನುತ್ತ ಬರೆದುಕೊಳ್ಳಲು ಪೆನ್ನು ಎತ್ತಿದರು.

"ಅವರ ಪ್ಯಾಂಟು ಬಿಚ್ಚಿಸಿ!"

ಅದು ನನ್ನ ದನಿ. ಗಾಲಿಕುರ್ಚಿ ತಳ್ಳುತ್ತಿದ್ದವನು ನಿಂತ. ದೂರದ ಕೋಣೆಯಿಂದ ಯಾರೋ ಇಣುಕಿದರು.

"ಬಿಚ್ಚಿಸಿ ತೂಕ ಮಾಡಿ" ಎಂದೆ, ಅಷ್ಟೇ ಗಟ್ಟಿಯಾಗಿ. ಶುರು ಮಾಡಿದ್ದಕ್ಕೆ ಮುಗಿಸಲೇಬೇಕಾಯಿತು. "ಒಳಗೆ ಕಬ್ಬಿಣ ಇದೆ."

ಪರದೆಯ ಹಿಂದಿನಿಂದ ತುಂಡುಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ಠಣ್. ಠಣ್. ಪ್ರತಿ ಸದ್ದಿಗೂ ಸಾಲಿನಲ್ಲಿದ್ದವರು ನಕ್ಕರು, ನರ್ಸಮ್ಮನೂ ನಕ್ಕರು. ಕೊನೆಯದಾಗಿ ದೊಡ್ಡ ಕತ್ತರಿಯೇ ಬಂತು. ಆಮೇಲೆ ದೊಡ್ಡಪ್ಪ ಆಸ್ಪತ್ರೆಯ ಗೌನು ಹಾಕಿಕೊಂಡು ಹೊರಗೆ ಬಂದರು. ಯಾರೂ ನಗಲಿಲ್ಲ.

ಅಳತೆಗೆ ಹೊಲಿಯದ ಬಟ್ಟೆಯಲ್ಲಿ ಅವರನ್ನು ನಾನು ಕಂಡದ್ದು ಅದೇ ಮೊದಲು. ಆ ಗೌನಿನೊಳಗೆ ಎಷ್ಟು ಕಡಿಮೆ ದೊಡ್ಡಪ್ಪ ಇದ್ದರು! ದೊಡ್ಡಮ್ಮ ಬೈಯಲಿಲ್ಲ. ಹಿಂದೆ ಹೋಗಿ ಬೆನ್ನಿನ ಲಾಡಿಗಳನ್ನು ಒಂದೊಂದಾಗಿ ಕಟ್ಟಿದರು, ಬಹಳ ನಿಧಾನವಾಗಿ.

ಇವತ್ತಿನ ಕೀಮೋ ನಿಲ್ಲಿಸಿದರು. ರಕ್ತ ಸುಧಾರಿಸಿದ ಮೇಲೆ ಸರಿಯಾದ ತೂಕಕ್ಕೆ ಹೊಸ ಲೆಕ್ಕ. ಟ್ಯೂಬು ಹಾಕುವುದು ಖಂಡಿತ. "ಇವತ್ತೇ ಗೊತ್ತಾಗಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ. ದೊಡ್ಡಪ್ಪನ ಎದುರೇ ಹೇಳಿದರು. ಅವರು ಕೇಳಿಸದವರ ಹಾಗೆ ಕೂತಿದ್ದರು.

ಮಾರ್ಚ್ ೨೧

ದೊಡ್ಡಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ. ನನಗೇನಾದರೂ ಹೇಳಬೇಕಾದರೆ ಮಿಷನ್ನಿಗೆ ಹೇಳುತ್ತಾರೆ. "ಯಾರಾದ್ರೂ ಆ ದಾರ ಎತ್ತಿಕೊಟ್ರೆ ಚೆನ್ನಾಗಿತ್ತು."

ಮಾರ್ಚ್ ೨೮

ಟ್ಯೂಬು ಹಾಕಿ ಎರಡು ದಿನವಾಯಿತು. ಆಪರೇಷನ್ನಿನ ಡಾಕ್ಟರು ಪಟ್ಟಿ ಬಿಚ್ಚಿ ನೋಡುತ್ತಿದ್ದಾಗ ದೊಡ್ಡಪ್ಪ ಕನ್ನಡಕ ಕೇಳಿದರು. ಕತ್ತು ಬಗ್ಗಿಸಿ ಟ್ಯೂಬಿನ ಸುತ್ತಲಿನ ಹೊಲಿಗೆ ನೋಡಿದರು.

"ಇದು ಯಾರ ಕೆಲಸ?"

"ನಂದೇ. ಯಾಕೆ, ನೋಯ್ತಾ ಇದೆಯಾ?"

"ಇಲ್ಲ. ದೂರ ದೂರ ಹಾಕಿದೀರ. ಆದ್ರೆ ಒಂದೇ ಸಮ ಇದೆ." ಮತ್ತೊಮ್ಮೆ ನೋಡಿದರು. "ಗಂಟು ಚೆನ್ನಾಗಿ ಕೂತಿದೆ. ನಿಮ್ಮ ಕೋಟಿನ ಭುಜ ಬಿಚ್ಚಿ ಸರಿಮಾಡಿ ಕೊಡ್ತೀನಿ, ಒಂದಿನ ಕಳಿಸಿ."

ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಹುಟ್ಟಿದಾಗಿಂದ ಬಾಯಿ ಬಿಡದವಳು, ಬಿಟ್ಟ ಮೊದಲನೇ ಮಾತಿಗೇ ನನ್ನ ಪ್ಯಾಂಟು ಬೇಕಾಯ್ತೇನೇ?"

ಆಮೇಲೆ ನಾವಿಬ್ಬರೂ ನಕ್ಕೆವು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಏಪ್ರಿಲ್ ೧೪

ಬಹಳ ದಿನ ಬರೆಯಲಿಲ್ಲ, ಪುರುಸೊತ್ತಿಲ್ಲ. ವಿಕಿರಣ ಮುಗಿಯಿತು. ಕೊನೆಯ ವಾರಗಳಲ್ಲಿ ನೀರು ನುಂಗುವುದೂ ಸಂಕಟವಾಗಿತ್ತು, ಅವರು ಜೋಕು ಮಾಡುವುದನ್ನೂ ನಿಲ್ಲಿಸಿದ್ದರು. ಆಗ ಕಾಪಾಡಿದ್ದು ಕಾಜಾವೇ. ದೊಡ್ಡಮ್ಮ ದೊಡ್ಡ ಸಿರಿಂಜಿನಲ್ಲಿ ಆಹಾರ ಹಾಕುತ್ತ ಗೊಣಗುತ್ತಾರೆ. "ಉಪ್ಪು ಸಾಕಾ ಅಂತ ಕೇಳೋ ಹಾಗಿಲ್ಲ, ಚೆನ್ನಾಗಿದೆ ಅಂತ ಹೇಳಿಸ್ಕೊಳ್ಳೋ ಹಾಗಿಲ್ಲ. ಇಂಥ ಅಡುಗೆ ಮಾಡೋಕೆ ನಾನೇ ಬೇಕಿತ್ತಾ?"

ಅಂಗಡಿ ನಾನು ನೋಡಿಕೊಳ್ಳುತ್ತಿದ್ದೇನೆ. ಅಳತೆ ತೆಗೆಯುವುದು, ಬಿಚ್ಚುವುದು, ಅಂಚು ಹೊಲಿಯುವುದು ಬರುತ್ತದೆ. ಇವತ್ತು ಒಬ್ಬರು ಕೋಟು ನಾಳೆಯೇ ಬೇಕೆಂದು ಗಲಾಟೆ ಮಾಡಿದರು. ಹುಷಾರಿಲ್ಲದವರ ಮನೆ, ಮುಂದಿನ ತಿಂಗಳು ಬನ್ನಿ, ಆಗಲ್ಲ ಅಂದರೆ ಬಟ್ಟೆ ತಗೊಂಡು ಹೋಗಿ ಎಂದು ಕಳಿಸಿದೆ. ಬಟ್ಟೆ ಬಿಟ್ಟೇ ಹೋದರು. ಪೇಟೆಯಿಂದ ಮೊಟ್ಟೆ ತರುವಾಗ ಬಸ್ಸಿನ ಡ್ರೈವರು ನಿಲ್ದಾಣ ದಾಟಿಸಿಬಿಟ್ಟಿದ್ದ, ನಿಲ್ಲಿಸಿಕೊಂಡು ಇಳಿಯುವಷ್ಟರಲ್ಲಿ ಮೊಟ್ಟೆಗಳಲ್ಲಿ ಒಂದು ಒಡೆಯಿತು. ಅದರದೇ ಬೇಜಾರು.

ಮೇ ೨೧

ಹೊಸ ಸ್ಕ್ಯಾನು ಬಂತು. ಗಡ್ಡೆ ಕುಗ್ಗಿದೆ, ಗ್ರಂಥಿಗಳೂ ಕುಗ್ಗಿವೆ. ತೂಕ ಏರಿದೆ, ಕಬ್ಬಿಣವಿಲ್ಲದೆ. ನರ್ಸಮ್ಮ ಈಗ ದೊಡ್ಡಪ್ಪನನ್ನು ಕಂಡರೆ ಮೊದಲು ಜೇಬು ತಡಕುತ್ತಾರೆ.

ಡಾಕ್ಟರು ಇಬ್ಬರೂ ಮತ್ತೆ ಎರಡು ದಾರಿ ಮುಂದಿಟ್ಟರು. ಆಪರೇಷನ್ನು ಮಾಡಿಸಿಕೊಳ್ಳಬಹುದು, ಅಥವಾ ಮೇಲಿಂದ ಮೇಲೆ ಪರೀಕ್ಷೆ ಮಾಡಿಸುತ್ತ ಕಾಯಬಹುದು. ಆಪರೇಷನ್ನೆಂದರೆ ಅನ್ನನಾಳದ ಬಹುಭಾಗ ಮತ್ತು ಗ್ರಂಥಿಗಳನ್ನು ತೆಗೆದು, ಹೊಟ್ಟೆಯನ್ನೇ ಕೊಳವೆಯ ಹಾಗೆ ಮಾಡಿ ಮೇಲಕ್ಕೆಳೆದು ಜೋಡಿಸುವುದು. ಜೋಡಿಸಿದ ಜಾಗ ಸೋರಿದರೆ? ಕುಗ್ಗಿರುವುದು ಪೂರ್ತಿ ಹೋಗಿದೆಯೆಂದು ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆಯೇ? ಕಾದು ನೋಡಿ, ಮತ್ತೆ ಬಂದರೆ ಆಗ ಆಪರೇಷನ್ನು ಆಗುತ್ತದೆಯೇ? ತೆಗೆದದ್ದರಲ್ಲಿ ಇನ್ನೂ ಉಳಿದಿದ್ದರೆ ಏನು? ಸೋರಬಹುದು, ಸೋರಿದರೆ ಅಪಾಯವೇ, ಅದಕ್ಕೆ ಸಿದ್ಧವಾಗಿರುತ್ತೇವೆ ಎಂದರು. ಸ್ಕ್ಯಾನಿಗೆ ಎಲ್ಲವೂ ಕಾಣುವುದಿಲ್ಲ ಎಂದರು. ಆಮೇಲೂ ಆಗಬಹುದು, ಕಷ್ಟ ಜಾಸ್ತಿ ಎಂದರು. ಉಳಿದಿದ್ದರೆ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧವಿದೆ ಎಂದರು. ಕೊನೆಗೆ ಡಾಕ್ಟರಮ್ಮ, "ಮುಗೀತೇನಮ್ಮ? ನಾವೂ ಊಟಕ್ಕೆ ಹೋಗಬಹುದಾ?" ಎಂದು ನಕ್ಕರು. ಯಾಕೆ ಹಾಗೆಂದರೋ.

ದೊಡ್ಡಪ್ಪ ಕೇಳಿದ್ದು ಒಂದೇ. "ಮೇಲಕ್ಕೆಳೆದಾಗ ಬಟ್ಟೆ ಸಾಕಾಗತ್ತಾ?"

"ಸಾಕಾಗತ್ತೆ" ಎಂದರು ಆಪರೇಷನ್ನಿನ ಡಾಕ್ಟರು. ಅವರ ಕೋಟಿನ ಎಡಭುಜ ಈಗ ನೆಟ್ಟಗಿದೆ.

"ಹಾಗಾದ್ರೆ ಮಾಡಿ. ಕಾದು ನೋಡೋದು ನನ್ನ ಕೈಲಾಗಲ್ಲ. ಹೊಲಿದಿಟ್ಟದ್ದನ್ನ ಗಿರಾಕಿ ತಗೊಂಡು ಹೋಗ್ದೆ ಅಂಗಡೀಲಿ ನೇತಾಡ್ತಿದ್ರೇ ನಂಗೆ ತಡೆಯಲ್ಲ."

ಜೂನ್ ೩

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು, ನಾಡಿದ್ದು ಆಪರೇಷನ್ನು. ದೊಡ್ಡಮ್ಮ ಚೀಲ ತುಂಬುತ್ತಿದ್ದಾರೆ, ತುಂಬಿದ್ದನ್ನು ತೆಗೆದು ಮತ್ತೆ ತುಂಬುತ್ತಿದ್ದಾರೆ.

ಸಂಜೆ ದೊಡ್ಡಪ್ಪ ಆಸ್ಪತ್ರೆ ಪ್ಯಾಂಟನ್ನು ಹಾಕಿ ನೋಡಿ, ಅಂಗಡಿಗೆ ಬಂದರು. "ಸೊಂಟ ಹಿಡೀತಾ ಇದೆ. ಸ್ವಲ್ಪ ಬಿಡು" ಎಂದು ನನ್ನ ಮುಂದೆ ಹಾಕಿ ಸ್ಟೂಲಿನ ಮೇಲೆ ಕೂತರು.

ಹಿಂದಿನ ಹೊಲಿಗೆಯನ್ನು ಬಿಚ್ಚಿದೆ. ಹಿಡಿದು ಹೊಲಿದ ಮೇಲೆ ಹೆಚ್ಚಾದ ಬಟ್ಟೆಯನ್ನು ದರ್ಜಿಗಳು ಕತ್ತರಿಸಿ ತೆಗೆಯುತ್ತಾರೆ, ಇಲ್ಲದಿದ್ದರೆ ಒಳಗೆ ಮುದ್ದೆಯಾಗಿ ಒತ್ತುತ್ತದೆ. ಇಲ್ಲಿ ಬಟ್ಟೆ ಪೂರ್ತಿ ಹಾಗೇ ಇತ್ತು. ನೀಟಾಗಿ ಮಡಿಸಿ, ಇಸ್ತ್ರಿ ಹಾಕಿ, ಒಳಗೆ ಬಿಟ್ಟಿದ್ದರು. ಅದರ ಮೇಲೆ ಹಳೆಯ ಹೊಲಿಗೆಗಳ ಸಾಲು, ಒಂದರ ಪಕ್ಕ ಒಂದು. ತೀರ ಅಂಚಿನಲ್ಲಿದ್ದದ್ದು ಅವರು ಸರಿಯಾಗಿದ್ದಾಗಿನದು, ಒಳಗೊಳಗೆ ಬಂದಂತೆ ಆಮೇಲಿನವು. ನಾವು ಯಾರೂ ನೋಡದೆ ಇದ್ದ ಇಡೀ ವರ್ಷ ಅಲ್ಲಿತ್ತು.

"ಇದನ್ನ ಕತ್ತರಿಸಲೇ ಇಲ್ವಲ್ಲ ದೊಡ್ಡಪ್ಪ. ಒತ್ತುತ್ತಿರಲಿಲ್ವಾ?"

"ಒತ್ತುತ್ತಿತ್ತು." ಅವರು ಬೆರಳಿನಿಂದ ಬಟ್ಟೆಯನ್ನು ಸವರಿ ನೋಡಿದರು. "ಒಳ್ಳೇ ಬಟ್ಟೆ. ಮತ್ತೆ ಬೇಕಾಗತ್ತೆ ಅನ್ನಿಸ್ತು."

"ಎಷ್ಟು ಬಿಡಲಿ?"

"ಸದ್ಯಕ್ಕೆ ಒಂದು ಸಾಲು ಸಾಕು. ಉಳಿದದ್ದು ಬಂದ ಮೇಲೆ."

ಮಿಷನ್ನಿನ ಮುಂದೆ ಕೂತು ತೀರ ಅಂಚಿನ ಹಳೆಯ ಸಾಲಿನ ಮೇಲೇ ಹೊಲಿದುಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಕೆಳಗೆ ಜಾರಿತು. ಎರಡೂ ಕೈಯಲ್ಲಿ ಹಿಡಿದುಕೊಂಡು, "ಏನೇ ಇದು, ಇಷ್ಟು ದೊಡ್ಡದು! ಯಾರ ಅಳತೆಗೆ ಹೊಲಿದೆ?" ಎಂದರು.

"ನಿಮ್ಮದೇ. ತುಂಬ್ಕೊಳ್ಳಿ."

"ಅಲ್ಲೀವರೆಗೆ?"

"ಬೆಲ್ಟು ಹಾಕ್ಕೊಳ್ಳಿ."

ದೊಡ್ಡಪ್ಪ ಕನ್ನಡಿಯಲ್ಲೇ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ, ಪ್ಯಾಂಟು ಹಿಡಿದುಕೊಂಡೇ ಒಳಗಿನ ಬಾಗಿಲಿಗೆ ಹೋಗಿ, ನಮ್ಮ ಮನೆಯಲ್ಲಿ ಎಲ್ಲಾದರೂ ಒಂದು ಬೆಲ್ಟು ಇದೆಯೇನೇ ಎಂದು ದೊಡ್ಡಮ್ಮನನ್ನು ಕೇಳಿದರು.